ವಾದ್ಯದ ಜ್ಞಾಪಕ: ಕೀಬೋರ್ಡಿನ ಜೋಡಣೆಗಳನ್ನು ಕಾದಿಡುವದೂ ಮರಳಿ ಕರೆಯುವದೂ



ನಮ್ಮ ಪಾಠಶಾಲೆಯಲ್ಲಿ ಓದಿ ಹೋದ ಹಿರಿಯರಲ್ಲಿ ಅನೇಕರು ಹಾರ್ಮೋನಿಯಮ್ಮಿನ ಶ್ರುತಿಗೆ ಕಂಠ ಕೂಡಿಸಿ ಹಾಡಲು ಕಲಿತವರು. ಇಂದಿನ ಹುಡುಗಿಯರು ಅದೇ ಪ್ರಾರ್ಥನೆಗಳನ್ನು ವಿದ್ಯುತ್ ಕೀಬೋರ್ಡಿನೊಡನೆ ಹಾಡುತ್ತಾರೆ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಈ ಸೀಮೆಯ ಶಾಲೆಗಳಲ್ಲಿಯೂ ಸಭೆಗಳಲ್ಲಿಯೂ ಮದುವೆಯ ಚಪ್ಪರಗಳಲ್ಲಿಯೂ ಈ ವಾದ್ಯವು ಈಗ ಹೊಸದಲ್ಲ. ಆದರೆ ವಾದ್ಯವು ಮನೆಗೆ ಬಂದ ಮಾತ್ರಕ್ಕೆ ಅದರ ಗುಣವೆಲ್ಲವೂ ಕೈಗೆ ಬಂದಂತಾಗುವದಿಲ್ಲ. ನೂರಾರು ಸ್ವರಬಣ್ಣಗಳುಳ್ಳ ಕೀಬೋರ್ಡಿನಲ್ಲಿ ಎಲ್ಲಾ ಹಾಡುಗಳಿಗೂ ಒಂದೇ ಬಣ್ಣವನ್ನು ಬಳಸುವದನ್ನೂ, ಒಂದು ಹಾಡು ಮುಗಿದ ಮೇಲೆ ಮುಂದಿನ ಹಾಡಿಗೆ ಬಟನುಗಳನ್ನು ತಡಕುತ್ತಿರುವಾಗ ಸಭೆಯೆಲ್ಲಾ ಸುಮ್ಮನೆ ಕಾದು ನಿಲ್ಲುವದನ್ನೂ ನಾವು ಎಲ್ಲೆಲ್ಲಿಯೂ ಕಾಣುತ್ತೇವೆ.

ಇದಕ್ಕಿಂತಲೂ ದೊಡ್ಡ ಕೊರತೆಯೊಂದುಂಟು. ಬಹಳ ಕಡೆಗಳಲ್ಲಿ ವಾದ್ಯದ ಹದವನ್ನು ಬಲ್ಲವಳು ಒಬ್ಬಳೇ ಹುಡುಗಿ. ಯಾವ ಹಾಡಿಗೆ ಯಾವ ಶ್ರುತಿ, ಯಾವ ಲಯ, ಯಾವ ಸ್ವರ ಎಂಬದೆಲ್ಲವೂ ಅವಳ ತಲೆಯಲ್ಲಿ ಮಾತ್ರವಿರುವದು. ಅವಳು ಹತ್ತನೆಯ ತರಗತಿಯನ್ನು ಮುಗಿಸಿ ಹೋದ ದಿನವೇ ವಾದ್ಯವು ಅರ್ಧ ಮೂಕವಾಗುವದು. ಮುಂದಿನವಳು ಮೊದಲಿನಿಂದ ಆರಂಭಿಸಬೇಕು. ಆದಕಾರಣ ಈ ಲೇಖನದಲ್ಲಿ ಕೀಬೋರ್ಡಿನ ಜೋಡಣೆಗಳನ್ನು, ಅಂದರೆ ವಾಡಿಕೆಯಲ್ಲಿ ಸೆಟ್ಟಿಂಗು ಎಂದು ಕರೆಯುವವುಗಳನ್ನು, ವಾದ್ಯದೊಳಗೆ ಕಾದಿಟ್ಟು ಬೇಕಾದಾಗ ಮರಳಿ ಕರೆಯುವ ಕ್ರಮವನ್ನು ಪಾಠರೂಪವಾಗಿ ವಿವರಿಸುತ್ತೇನೆ.

1. ವಾದ್ಯದ ಸ್ವರೂಪ

ಹಾರ್ಮೋನಿಯಮ್ಮಿಗೆ 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ದೆಬೇನ್ ಎಂಬಾತನು ಹಕ್ಕುಪತ್ರ ಪಡೆದನು. ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯನ್ನು ಒತ್ತಿ ಇನ್ನೊಂದು ಕೈಯಿಂದ ನುಡಿಸುವ ಪೆಟ್ಟಿಗೆಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ರೂಢಿಗೆ ತಂದರು. ನಮ್ಮ ಸೀಮೆಯ ಕಂಪನಿ ನಾಟಕಗಳವರು ಕಾಲಿನಿಂದ ತುಳಿಯುವ ಹಾರ್ಮೋನಿಯಮ್ಮನ್ನು ರಂಗದ ಮುಂದೆ ಇಟ್ಟುಕೊಂಡು ರಾತ್ರಿಯಿಡೀ ನುಡಿಸುತ್ತಿದ್ದರು. ಆ ಪೆಟ್ಟಿಗೆಯಲ್ಲಿ ಬದಲಿಸತಕ್ಕವುಗಳು ಕೆಲವೇ. ಮುಂಭಾಗದ ಗುಂಡಿಗಳನ್ನು ಎಳೆದರೆ ಕೆಲವು ರೀಡುಗಳು ಕೂಡುವವು, ಒತ್ತಿದರೆ ನಿಲ್ಲುವವು. ಆದಕಾರಣ ಅವುಗಳನ್ನು ನೆನಪಿನಲ್ಲಿಡುವದು ಕಷ್ಟವಾಗಿರಲಿಲ್ಲ.

ಇಂದಿನ ಅರೇಂಜರ್ ಕೀಬೋರ್ಡು ಹಾಗಲ್ಲ. ಅರೇಂಜರ್ ಎಂದರೆ ಪಕ್ಕವಾದ್ಯಗಳನ್ನು ತಾನೇ ಹೊಂದಿಸಿಕೊಡುವಂಥದು. ಎಡಗೈಯಿಂದ ಸ್ವರಗುಚ್ಛವನ್ನು, ಅಂದರೆ ಕಾರ್ಡನ್ನು, ಹಿಡಿದರೆ ವಾದ್ಯವು ಅದಕ್ಕೆ ತಕ್ಕಂತೆ ತಾಳವನ್ನೂ ಮಂದ್ರವನ್ನೂ ಮೇಳವನ್ನೂ ನುಡಿಸುವದು. ಇದಕ್ಕೆ ಸ್ಟೈಲು ಎಂದು ಹೆಸರು. ಬಲಗೈಯು ಹಾಡಿನ ಧಾಟಿಯನ್ನು ನುಡಿಸುವದು. ಆ ಕೈಯ ಸ್ವರಬಣ್ಣಕ್ಕೆ ವಾಯ್ಸು ಎಂದು ಹೆಸರು. ಎರಡು ಬಣ್ಣಗಳನ್ನು ಒಂದರ ಮೇಲೊಂದು ಕೂಡಿಸಿದರೆ ಡ್ಯುಯಲ್, ಕೀಲಿಮಣೆಯನ್ನು ಇಬ್ಭಾಗಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಸ್ಪ್ಲಿಟ್. ಇವುಗಳಲ್ಲದೆ ಲಯದ ವೇಗವಾದ ಟೆಂಪೋ, ಶ್ರುತಿಯನ್ನು ಏರಿಳಿಸುವ ಟ್ರಾನ್ಸ್‌ಪೋಸು, ಒಂದೊಂದು ಸ್ವರದ ಗಟ್ಟಿತನ, ದೊಡ್ಡ ಹಜಾರದಲ್ಲಿ ನುಡಿಸಿದಂಥ ಅನುರಣನವನ್ನು ಕೊಡುವ ರಿವರ್ಬ್, ಇಷ್ಟೆಲ್ಲವನ್ನೂ ಒಂದು ಹಾಡಿಗಾಗಿ ಹೊಂದಿಸಬೇಕಾಗುವದು. ಹತ್ತು ಹಾಡುಗಳ ಕಾರ್ಯಕ್ರಮದಲ್ಲಿ ಇವನ್ನೆಲ್ಲಾ ಪ್ರತಿಸಾರಿಯೂ ಕೈಯಿಂದ ಹೊಂದಿಸುವದು ಅಸಾಧ್ಯವೆಂದೇ ಹೇಳಬೇಕು.

ನಮ್ಮ ದುರ್ಗದ ಬೆಟ್ಟಕ್ಕೆ ಉಚ್ಚಂಗೆಮ್ಮನ ಜಾತ್ರೆಗೆ ಬರುವ ಜೋಗತಿಯರ ಚೌಡಿಕೆಯನ್ನು ನೀವು ನೋಡಿರಬಹುದು. ಅದಕ್ಕಿರುವದು ಒಂದೇ ತಂತಿ. ಹಾಡುವವಳು ತಂತಿಯನ್ನು ಬಿಗಿಮಾಡುತ್ತಾ ಸಡಿಲಿಸುತ್ತಾ ತನ್ನ ಕಂಠಕ್ಕೆ ಹೊಂದಿಸಿಕೊಳ್ಳುವಳು. ಅವಳ ಜೋಡಣೆಯು ಅವಳ ಕಿವಿಯಲ್ಲಿಯೇ ಉಂಟು. ವಾದ್ಯದಲ್ಲಿ ಬದಲಿಸತಕ್ಕವುಗಳು ಹೆಚ್ಚಿದಷ್ಟೂ ಕಿವಿಯ ನೆನಪೊಂದೇ ಸಾಲದಾಗುವದು. ಆಗ ವಾದ್ಯಕ್ಕೇ ಒಂದು ಜ್ಞಾಪಕಶಕ್ತಿಯನ್ನು ಕೊಡಬೇಕಾಯಿತು.

2. ರಿಜಿಸ್ಟ್ರೇಷನ್ ಎಂಬ ಹೆಸರಿನ ಮೂಲ

ಯಮಹಾ, ಕ್ಯಾಸಿಯೊ ಮುಂತಾದ ಕೀಬೋರ್ಡುಗಳಲ್ಲಿ ಈ ಜ್ಞಾಪಕಕ್ಕೆ ರಿಜಿಸ್ಟ್ರೇಷನ್ ಎಂದು ಹೆಸರು. ಇದನ್ನು ಕೇಳಿದವರು ಶಾಲೆಯ ದಾಖಲಾತಿಯನ್ನೋ ಸಬ್ ರಿಜಿಸ್ಟ್ರಾರ್ ಕಚೇರಿಯನ್ನೋ ನೆನೆಯುವದು ಸಹಜ. ಆದರೆ ಈ ಮಾತು ಬಂದದ್ದು ಚರ್ಚುಗಳ ಕೊಳವೆ ಆರ್ಗನ್ನಿನಿಂದ. ಆರ್ಗನ್ನಿನಲ್ಲಿ ಒಂದೇ ಬಣ್ಣದ ಕೊಳವೆಗಳ ಸಾಲಿಗೆ ರಿಜಿಸ್ಟರ್ ಎಂದು ಹೆಸರು. ಯಾವ ಹಾಡಿಗೆ ಯಾವ ಸಾಲುಗಳನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ಆರಿಸುವ ವಿದ್ಯೆಯೇ ರಿಜಿಸ್ಟ್ರೇಷನ್.

ದೊಡ್ಡ ಆರ್ಗನ್ನಿನಲ್ಲಿ ಹತ್ತಾರು ಗುಂಡಿಗಳನ್ನು ಹಾಡಿನ ನಡುವೆ ಎಳೆದು ತಳ್ಳುವದು ಕಷ್ಟ. ಅದಕ್ಕಾಗಿ ಆರ್ಗನ್ ಕಟ್ಟುವವರು ಒಂದೇ ಒತ್ತಿನಿಂದ ಹಲವು ಗುಂಡಿಗಳು ಒಟ್ಟಿಗೆ ಚಲಿಸುವಂತೆ ಉಪಾಯ ಮಾಡಿದರು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಹೆನ್ರಿ ವಿಲ್ಲಿಸ್ ಎಂಬವರು ಕಟ್ಟಿದ ಆರ್ಗನ್ನಿನಲ್ಲಿ ಹೆಬ್ಬೆರಳಿನಿಂದ ಒತ್ತುವ ಇಂಥ ಬಿಲ್ಲೆಗಳಿದ್ದವು. ಇಂದು ನಮ್ಮ ಹುಡುಗಿಯರು ಒತ್ತುವ ಅಂಕೆಯ ಬಟನುಗಳು ಆ ಬಿಲ್ಲೆಗಳ ವಂಶದವೇ.

ವಿದ್ಯುತ್ ವಾದ್ಯಗಳಿಗೆ ಈ ಗುಣವು ತಡವಾಗಿ ಬಂದಿತು. ಮೊದಲಿನ ಸಿಂಥಸೈಜರುಗಳಲ್ಲಿ ಒಂದು ಸ್ವರವನ್ನು ಸಿದ್ಧಪಡಿಸಿ ಗುಂಡಿಗಳನ್ನು ತಿರುಗಿಸಿಬಿಟ್ಟರೆ ಆ ಸ್ವರವು ಹೋದಂತೆಯೇ. ನುಡಿಸುವವರು ಗುಂಡಿಗಳ ಸ್ಥಾನವನ್ನು ಕಾಗದದ ಮೇಲೆ ಚಿತ್ರಿಸಿಕೊಳ್ಳುತ್ತಿದ್ದರು. 1978ರಲ್ಲಿ ಅಮೇರಿಕದ ಡೇವ್ ಸ್ಮಿತ್ ಎಂಬವರ ಸಂಸ್ಥೆಯು ಹೊರತಂದ ಪ್ರಾಫೆಟ್-5 ಎಂಬ ವಾದ್ಯವು 40 ಸ್ವರಜೋಡಣೆಗಳನ್ನು ತನ್ನೊಳಗೆ ಕಾದಿಟ್ಟುಕೊಂಡು ಒಂದು ಬಟನಿನಿಂದ ಮರಳಿ ಕೊಡುತ್ತಿತ್ತು. ಮುಂದೆ 1983ರಲ್ಲಿ ಬೇರೆ ಬೇರೆ ಸಂಸ್ಥೆಗಳ ವಾದ್ಯಗಳು ಒಂದರ ಮಾತನ್ನೊಂದು ತಿಳಿಯುವಂತೆ ಮಿಡಿ ಎಂಬ ಸಂಕೇತಪದ್ಧತಿಯು ಬಳಕೆಗೆ ಬಂದಿತು. ಆ ಪದ್ಧತಿಯಲ್ಲಿ ಸ್ವರಬಣ್ಣವನ್ನು ಒಂದು ಅಂಕೆಯಿಂದಲೇ ಕರೆಯಬಹುದು.

3. ಜ್ಞಾಪಕದಲ್ಲಿ ಏನು ಉಳಿಯುವದು?

ಇಲ್ಲಿ ಒಂದು ಮುಖ್ಯವಾದ ಭೇದವನ್ನು ಮಕ್ಕಳಿಗೆ ಮೊದಲೇ ತಿಳಿಸತಕ್ಕದ್ದು. ರಿಜಿಸ್ಟ್ರೇಷನ್ ಮೆಮೊರಿಯು ಹಾಡನ್ನು ಕಾದಿಡುವದಿಲ್ಲ, ನಾದವನ್ನೂ ಕಾದಿಡುವದಿಲ್ಲ. ಅದು ಕಾದಿಡುವದು ಅಂಕೆಗಳ ಒಂದು ಪಟ್ಟಿಯನ್ನು ಮಾತ್ರ. ಅಡಿಗೆಗೂ ಅಡಿಗೆಯ ವಿಧಾನವನ್ನು ಬರೆದಿಟ್ಟ ಚೀಟಿಗೂ ಇರುವ ಭೇದವೇ ಇದು. ಇಷ್ಟನೆಯ ಸ್ವರ, ಇಷ್ಟನೆಯ ಸ್ಟೈಲು, ಇಷ್ಟು ವೇಗ, ಇಷ್ಟು ಶ್ರುತಿ ಎಂಬ ಚೀಟಿಯನ್ನು ವಾದ್ಯವು ಬರೆದಿಟ್ಟುಕೊಳ್ಳುವದು. ಬಟನನ್ನು ಒತ್ತಿದಾಗ ಆ ಚೀಟಿಯನ್ನು ಓದಿ ತನ್ನನ್ನು ತಾನು ಹೊಂದಿಸಿಕೊಳ್ಳುವದು. ನುಡಿಸುವ ಕೈ ನಮ್ಮದೇ ಆಗಿರಬೇಕು. ನುಡಿಸಿದ್ದನ್ನೇ ಕಾದಿಡಬೇಕಾದರೆ ಅದಕ್ಕೆ ರೆಕಾರ್ಡ್ ಎಂಬ ಬೇರೆ ಬಟನು ಉಂಟು. ಹಾಗೆಯೇ ಒನ್ ಟಚ್ ಸೆಟ್ಟಿಂಗ್ ಎಂಬದು ಸ್ಟೈಲಿಗೆ ತಕ್ಕ ಸ್ವರವನ್ನು ಕಾರ್ಖಾನೆಯವರೇ ಆರಿಸಿಟ್ಟದ್ದು. ಅದು ಅವರ ಚೀಟಿ, ರಿಜಿಸ್ಟ್ರೇಷನ್ ನಮ್ಮ ಚೀಟಿ.

ಚೀಟಿಯಲ್ಲಿ ಸಾಮಾನ್ಯವಾಗಿ ಸೇರುವವುಗಳು ಯಾವುವೆಂದರೆ: ಬಲಗೈಯ ಸ್ವರ, ಅದಕ್ಕೆ ಕೂಡಿಸಿದ ಎರಡನೆಯ ಸ್ವರ, ಎಡಭಾಗದ ಸ್ವರ, ಅವುಗಳ ಗಟ್ಟಿತನ, ಸ್ಟೈಲಿನ ಅಂಕೆ, ಅದರ ಗಟ್ಟಿತನ, ಕೀಲಿಮಣೆ ಇಬ್ಭಾಗವಾಗುವ ಸ್ಥಾನ, ಟೆಂಪೋ, ಟ್ರಾನ್ಸ್‌ಪೋಸು, ರಿವರ್ಬ್. ಸೇರದಿರುವದೂ ಉಂಟು. ವಾದ್ಯದ ಒಟ್ಟು ಗಟ್ಟಿತನದ ತಿರುಗುಗುಂಡಿಯು ಚೀಟಿಗೆ ಒಳಪಡುವದಿಲ್ಲ. ಮನೆಯಲ್ಲಿ ಮೆಲ್ಲಗೆ ಇಟ್ಟುಕೊಂಡು ಅಭ್ಯಾಸ ಮಾಡಿದವಳು ಸಭೆಯಲ್ಲಿ ಅದನ್ನು ಕೈಯಿಂದಲೇ ಏರಿಸಬೇಕು.

4. ಹುಡುಗಿಯರ ಕಂಠಕ್ಕೆ ತಕ್ಕ ಶ್ರುತಿ

ಜೋಡಣೆಗಳೆಲ್ಲದರಲ್ಲಿ ಅತ್ಯಂತ ಮುಖ್ಯವಾದದ್ದು ಶ್ರುತಿಯೇ. ಸ್ವರಬಣ್ಣವು ತಪ್ಪಿದರೆ ಕಿವಿಗೆ ಅಷ್ಟು ಇಂಪಾಗದು, ಅಷ್ಟೇ. ಶ್ರುತಿಯು ತಪ್ಪಿದರೆ ಹಾಡುವವರೇ ಬಾಯಿ ಮುಚ್ಚುವರು. ಗಂಡಸರು ಮುಂದಾಗಿ ಹಾಡುವ ಸಭೆಗಳಲ್ಲಿ ಅವರ ಕಂಠಕ್ಕೆ ತಕ್ಕ ಶ್ರುತಿಯನ್ನು ಹಿಡಿಯುವದು ರೂಢಿ. ಹೆಂಗಸರೂ ಮಕ್ಕಳೂ ಆ ಶ್ರುತಿಯಲ್ಲಿ ಕೆಳಗಿನ ಸ್ವರಗಳನ್ನು ನುಂಗುವರು, ಇಲ್ಲವೆ ಮೇಲಿನ ಸ್ಥಾಯಿಗೆ ಹಾರಿ ಕಿರಿಚುವರು. ಹೀಗಾಗಿ ತನಗೆ ಹಾಡಲು ಬಾರದೆಂದು ಒಬ್ಬ ಹುಡುಗಿಯು ತಿಳಿದುಕೊಂಡರೆ ಅದು ಅವಳ ಕೊರತೆಯಲ್ಲ, ಶ್ರುತಿಯನ್ನು ಆರಿಸಿದವರ ಕೊರತೆ.

ಹಾರ್ಮೋನಿಯಂ ಮಾಸ್ತರರು ಶ್ರುತಿಯನ್ನು ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು ಎಂದು ಎಣಿಸುವರು. ಬಿಳಿ ಒಂದನ್ನು ಸೊನ್ನೆಯೆಂದಿಟ್ಟುಕೊಂಡರೆ ಕಪ್ಪು ಒಂದು 1, ಬಿಳಿ ಎರಡು 2, ಕಪ್ಪು ಎರಡು 3, ಬಿಳಿ ಮೂರು 4, ಬಿಳಿ ನಾಲ್ಕು 5, ಕಪ್ಪು ಮೂರು 6, ಬಿಳಿ ಐದು 7, ಕಪ್ಪು ನಾಲ್ಕು 8, ಬಿಳಿ ಆರು 9, ಕಪ್ಪು ಐದು 10, ಬಿಳಿ ಏಳು 11. ಈ ಅಂಕೆಗಳೇ ಟ್ರಾನ್ಸ್‌ಪೋಸಿನ ಅಂಕೆಗಳು. ಹಾಡನ್ನು ಬಿಳಿ ಒಂದರಿಂದ ನುಡಿಸಲು ಕಲಿತ ಹುಡುಗಿಯು ಬಿಳಿ ನಾಲ್ಕರ ಶ್ರುತಿಯನ್ನು ಪಡೆಯಬೇಕಾದರೆ ಟ್ರಾನ್ಸ್‌ಪೋಸನ್ನು 5 ಎಂದು ಇಟ್ಟರೆ ಸಾಕು. ಬೆರಳುಗಳು ಕಲಿತ ಹಾದಿಯಲ್ಲಿಯೇ ಹೋಗುವವು. ಕೆಳಗಿನ ಸ್ಥಾಯಿಯ ಬಿಳಿ ಆರು ಬೇಕಾದರೆ ಋಣ 3. ಶ್ರುತಿ ಬದಲಾಯಿಸಲು ಕೀಲಿಮಣೆಯನ್ನೇ ಪಕ್ಕಕ್ಕೆ ಸರಿಸುವ ಹಾರ್ಮೋನಿಯಮ್ಮುಗಳನ್ನು ಬಲ್ಲವರಿಗೆ ಇದು ಹೊಸದೆನಿಸದು.

ಗುಂಪಿಗೆ ತಕ್ಕ ಶ್ರುತಿಯನ್ನು ಆರಿಸುವ ಬಗೆ ಹೀಗೆ. ಹಾಡಿನ ಅತ್ಯಂತ ಮೇಲಿನ ಸ್ವರವಿರುವ ಸಾಲನ್ನೂ ಅತ್ಯಂತ ಕೆಳಗಿನ ಸ್ವರವಿರುವ ಸಾಲನ್ನೂ ಗುಂಪಿನಿಂದ ಹಾಡಿಸಬೇಕು. ಮೇಲಿನದರಲ್ಲಿ ಕುತ್ತಿಗೆಯ ನರ ಬಿಗಿದರೆ ಒಂದೊಂದೇ ಅಂಕೆ ಇಳಿಸಬೇಕು. ಕೆಳಗಿನದರಲ್ಲಿ ದನಿ ಅಡಗಿದರೆ ಏರಿಸಬೇಕು. ಎರಡೂ ಸಲೀಸಾದ ಅಂಕೆಯೇ ಆ ಗುಂಪಿನ ಶ್ರುತಿ. ಐದನೆಯ ತರಗತಿಯ ಮಕ್ಕಳಿಗೊಂದು, ಹತ್ತನೆಯ ತರಗತಿಯವರಿಗೊಂದು, ತಾಯಿತಂದೆಗಳು ಕೂಡಿ ಹಾಡುವ ವಾರ್ಷಿಕೋತ್ಸವಕ್ಕೊಂದು ಎಂದು ಒಂದೇ ಹಾಡಿಗೆ ಮೂರು ಚೀಟಿಗಳನ್ನು ಕಾದಿಟ್ಟರೆ ತಪ್ಪಿಲ್ಲ. ಜ್ಞಾಪಕವಿರುವದೇ ಅದಕ್ಕಾಗಿ.

5. ಕಾದಿಡುವ ಕ್ರಮ

ಬಟನುಗಳ ಹೆಸರು ಮಾದರಿಯಿಂದ ಮಾದರಿಗೆ ಭಿನ್ನವಾದರೂ ಕ್ರಮವು ಒಂದೇ. 2018ರಲ್ಲಿ ಬಂದ ಯಮಹಾ ಪಿಎಸ್‌ಆರ್-ಇ463 ಎಂಬ ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ 8 ಬ್ಯಾಂಕುಗಳು, ಪ್ರತಿಯೊಂದು ಬ್ಯಾಂಕಿನಲ್ಲಿ 4 ಮೆಮೊರಿಗಳು, ಒಟ್ಟು 32 ಚೀಟಿಗಳಿಗೆ ಸ್ಥಳವುಂಟು. ಬ್ಯಾಂಕು ಎಂದರೆ ಬೀರುವಿನ ಖಾನೆ, ಮೆಮೊರಿ ಎಂದರೆ ಖಾನೆಯೊಳಗಿನ ಡಬ್ಬಿ ಎಂದು ಮಕ್ಕಳಿಗೆ ಹೇಳಬಹುದು.

ಮೊದಲನೆಯದು: ಸ್ವರ, ಸ್ಟೈಲು, ಟೆಂಪೋ, ಶ್ರುತಿ ಎಲ್ಲವನ್ನೂ ಹೊಂದಿಸಿ ಹಾಡನ್ನು ಒಮ್ಮೆ ಪೂರ್ತಿಯಾಗಿ ಹಾಡಿಸಿ ನೋಡತಕ್ಕದ್ದು. ಹಾಡಿಸದೆ ಕಾದಿಟ್ಟ ಜೋಡಣೆಯು ಅಳತೆ ನೋಡದೆ ಹೊಲಿದ ರವಿಕೆಯಂತೆ.

ಎರಡನೆಯದು: ಬೇಕಾದ ಬ್ಯಾಂಕನ್ನು ಆರಿಸತಕ್ಕದ್ದು.

ಮೂರನೆಯದು: ಬ್ಯಾಂಕು-ಮೆಮೊರಿ ಎಂದು ಬರೆದಿರುವ ಬಟನನ್ನು ಒಂದು ಕ್ಷಣಕ್ಕಿಂತ ಹೆಚ್ಚು ಒತ್ತಿ ಹಿಡಿಯತಕ್ಕದ್ದು. ಯಾವ ಅಂಕೆಯಲ್ಲಿಡಲಿ ಎಂದು ವಾದ್ಯದ ಪರದೆಯು ಕೇಳುವದು.

ನಾಲ್ಕನೆಯದು: 1ರಿಂದ 4ರೊಳಗಿನ ಅಂಕೆಯನ್ನು ಒತ್ತತಕ್ಕದ್ದು. ಬರವಣಿಗೆ ಮುಗಿಯುವ ತನಕ ವಿದ್ಯುತ್ತನ್ನು ತೆಗೆಯಬಾರದು.

ಐದನೆಯದು: ಬೇರೆ ಯಾವುದಾದರೂ ಸ್ವರಕ್ಕೆ ಬದಲಾಯಿಸಿ, ಬಳಿಕ ಅದೇ ಅಂಕೆಯನ್ನು ಒತ್ತಿ, ಕಾದಿಟ್ಟದ್ದು ಸರಿಯಾಗಿ ಮರಳುವದೋ ಎಂದು ಪರೀಕ್ಷಿಸತಕ್ಕದ್ದು. ಈ ಐದನೆಯದನ್ನು ಯಾರೂ ಬಿಡಬಾರದು.

ಮರಳಿ ಕರೆಯುವದು ಇನ್ನೂ ಸುಲಭ: ಬ್ಯಾಂಕನ್ನು ಆರಿಸುವದು, ಅಂಕೆಯನ್ನು ಒತ್ತುವದು. ಯಮಹಾ ಸಂಸ್ಥೆಯ ಪಿಎಸ್‌ಆರ್-ಎಸ್‌ಎಕ್ಸ್ ಮುಂತಾದ ದೊಡ್ಡ ವಾದ್ಯಗಳಲ್ಲಿ ಚೀಟಿಗಳಿಗೆ ಹಾಡಿನ ಹೆಸರನ್ನೇ ಕೊಡಬಹುದು. ಕಾಲಿನ ಪೆಡಲು ಒತ್ತಿ ಒಂದರ ಮುಂದೆ ಒಂದನ್ನು ಕರೆಯಬಹುದು.

6. ಒಂದು ಶಾಲಾದಿನದ ನಾಲ್ಕು ಚೀಟಿಗಳು

ಮೊದಲನೆಯ ಬ್ಯಾಂಕನ್ನು ಪ್ರತಿದಿನದ ಸಭೆಗೆ ಮೀಸಲಿಡುವದು ಒಳ್ಳೆಯದು.

ಮೆಮೊರಿ 1, ಪ್ರಾತಃಪ್ರಾರ್ಥನೆ. ಆರ್ಗನ್ ಸ್ವರ, ಅದರ ಕೆಳಗೆ ಮೆಲ್ಲಗೆ ಪಿಟೀಲು ಮೇಳ. ಸ್ಟೈಲು ಬೇಡ. ರಿವರ್ಬ್ ಸ್ವಲ್ಪ ಹೆಚ್ಚು.

ಮೆಮೊರಿ 2, ನಾಡಗೀತೆ. ಕುವೆಂಪು ಅವರ ಗೀತೆಯನ್ನು ಸರಕಾರವು 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಆದರೆ ಊರಿಗೊಂದು ಧಾಟಿ, ಶಾಲೆಗೊಂದು ವೇಗ ಎಂಬಂತಿದ್ದುದರಿಂದ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೇ ಹಿಡಿದು 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಆಜ್ಞೆಯಾಯಿತು. ಕಾಲವು ನಿಶ್ಚಿತವಾದ ಮೇಲೆ ಟೆಂಪೋವನ್ನು ಊಹಿಸಬೇಕಾಗಿಲ್ಲ, ಲೆಕ್ಕ ಮಾಡಬಹುದು. ಹಾಡಿನ ಮೊದಲಿನಿಂದ ಕಡೆಯ ತನಕ ಎಷ್ಟು ಹೊಡೆತಗಳು ಬೀಳುವವೆಂದು ತಾಳ ಹಾಕಿ ಎಣಿಸಬೇಕು. ಟೆಂಪೋ ಎಂದರೆ ಒಂದು ನಿಮಿಷಕ್ಕೆ ಬೀಳುವ ಹೊಡೆತಗಳು. ನಮಗಿರುವ ಕಾಲ ಎರಡೂವರೆ ನಿಮಿಷ. ಆದ್ದರಿಂದ ಹೊಡೆತಗಳನ್ನು ಎರಡೂವರೆಯಿಂದ ಭಾಗಿಸಿದರೆ ಟೆಂಪೋ ಬರುವದು. ನಿಮ್ಮ ಎಣಿಕೆಯಲ್ಲಿ 240 ಹೊಡೆತಗಳು ಬಂದವೆಂದಿಟ್ಟುಕೊಂಡರೆ ಟೆಂಪೋ 96. ಆ ಅಂಕೆಯನ್ನು ಕಾದಿಟ್ಟು, ಅಭ್ಯಾಸದ ವೇಳೆ ತಾಳಯಂತ್ರವಾದ ಮೆಟ್ರೊನೋಮನ್ನು ಹಾಕಿ ಹಾಡಿಸಿದರೆ ಕೆಲವು ದಿನಗಳಲ್ಲಿ ವೇಗವು ಮಕ್ಕಳ ನಡಿಗೆಯಲ್ಲಿಯೇ ಸೇರುವದು. ಲೆಕ್ಕವೂ ಸಂಗೀತವೂ ಒಂದೇ ಪಾಠದಲ್ಲಿ ಕೂಡಿ ಬರುವದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವದು ಕಷ್ಟ.

ಮೆಮೊರಿ 3, ರಾಷ್ಟ್ರಗೀತೆ. ಪೂರ್ಣಪಾಠಕ್ಕೆ ಸುಮಾರು 52 ಸೆಕೆಂಡುಗಳು. ಇಲ್ಲಿ ತಬಲೆ, ಡ್ರಮ್ಮುಗಳ ಸ್ಟೈಲು ಸಲ್ಲದು. ಪಿಟೀಲು ಮೇಳದ ಸ್ವರವೊಂದೇ ಸಾಕು.

ಮೆಮೊರಿ 4, ಜನಪದ ಗೀತೆ. ಹಾರ್ಮೋನಿಯಂ ಸ್ವರ, ತಬಲೆ ಇಲ್ಲವೆ ಢೋಲಕದ ಸ್ಟೈಲು. ಭಾರತದ ಮಾರುಕಟ್ಟೆಗೆಂದೇ ಮಾಡಿದ ಯಮಹಾ ಪಿಎಸ್‌ಆರ್-ಐ500 ಎಂಬಂಥ ಮಾದರಿಗಳಲ್ಲಿ ನಮ್ಮ ದೇಶದ ವಾದ್ಯಸ್ವರಗಳೂ ಸ್ಟೈಲುಗಳೂ, ರಿಯಾಜ್ ಎಂಬ ಹೆಸರಿನಲ್ಲಿ ತಂಬೂರಿ ತಬಲೆಗಳ ಅಭ್ಯಾಸಸಾಧನವೂ ಉಂಟು.

ಈ ನಾಲ್ಕು ಸ್ಥಾನಗಳನ್ನು ವರ್ಷದಿಂದ ವರ್ಷಕ್ಕೆ ಬದಲಾಯಿಸಬಾರದು. ಕಣ್ಣು ಕಾಣದ ಮಕ್ಕಳಿಗೆ ಇದರಿಂದ ದೊಡ್ಡ ಉಪಕಾರ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ಅಂಧರಾಗಿದ್ದುಕೊಂಡೇ ಎಷ್ಟೋ ಅಂಧಬಾಲಕರಿಗೆ ವಾದ್ಯವಿದ್ಯೆಯನ್ನು ಕಲಿಸಿದರು. ಬೆರಳಿಗೆ ಗೊತ್ತಾದ ಸ್ಥಾನವೇ ಅಂಥವರಿಗೆ ಕಣ್ಣು. ಪರದೆಯನ್ನು ಓದಲಾಗದ ಹುಡುಗಿಯೂ ಎಡದಿಂದ ಎರಡನೆಯ ಬಟನು ನಾಡಗೀತೆ ಎಂದು ತಿಳಿದರೆ ಯಾರ ಸಹಾಯವೂ ಇಲ್ಲದೆ ಸಭೆಯನ್ನು ನಡೆಸಬಲ್ಲಳು.

7. ಎಚ್ಚರಿಕೆಗಳು

(ಅ) ಈಗಾಗಲೇ ತುಂಬಿದ ಸ್ಥಾನದಲ್ಲಿ ಹೊಸದನ್ನು ಇಟ್ಟರೆ ಹಳೆಯದು ಅಳಿದುಹೋಗುವದು. ಕೆಲವು ವಾದ್ಯಗಳು ಅಳಿಸಲೋ ಎಂದು ಕೇಳುವವು, ಕೆಲವು ಕೇಳುವದೇ ಇಲ್ಲ. ಕಾರ್ಯಕ್ರಮದ ಹಿಂದಿನ ಸಂಜೆ ಅವಸರದಲ್ಲಿ ಮಾಡಿದ ಬದಲಾವಣೆಯಿಂದಲೇ ಹೆಚ್ಚು ಜೋಡಣೆಗಳು ಹಾಳಾಗುವವು. ಕೊನೆಯ ಬ್ಯಾಂಕೊಂದನ್ನು ಪ್ರಯೋಗಕ್ಕಾಗಿ ಬರಿದಾಗಿ ಬಿಟ್ಟು, ಆಟವೆಲ್ಲವೂ ಅಲ್ಲಿಯೇ ಎಂದು ನಿಯಮ ಮಾಡತಕ್ಕದ್ದು.

(ಆ) ಹಾಡಿನ ನಡುವೆ ಸ್ವರಬಣ್ಣ ಬದಲಿಸಲೆಂದು ಇನ್ನೊಂದು ಮೆಮೊರಿಯನ್ನು ಕರೆದರೆ ಅದರಲ್ಲಿರುವ ಶ್ರುತಿಯೂ ವೇಗವೂ ಕೂಡಿಯೇ ಬರುವವು. ಮೊದಲ ಚೀಟಿಯಲ್ಲಿ ಟ್ರಾನ್ಸ್‌ಪೋಸು 5, ಎರಡನೆಯದರಲ್ಲಿ 0 ಇದ್ದರೆ ಮೇಳವು ಒಮ್ಮೆಲೇ ಐದು ಸ್ಥಾನ ಕುಸಿಯುವದು, ಹಾಡುವವರು ದಿಕ್ಕುಗೆಡುವರು. ಆದಕಾರಣ ಒಂದೇ ಹಾಡಿನ ಚೀಟಿಗಳಲ್ಲಿ ಶ್ರುತಿ, ವೇಗ, ಸ್ಟೈಲು ಮೂರೂ ಒಂದೇ ಆಗಿರಬೇಕು. ದೊಡ್ಡ ವಾದ್ಯಗಳಲ್ಲಿ ಫ್ರೀಜ್ ಎಂಬ ಸಾಧನವುಂಟು. ಬದಲಾಗಬಾರದ ಅಂಶಗಳನ್ನು ಅದರಿಂದ ಕಟ್ಟಿಹಾಕಬಹುದು.

(ಇ) ನಮ್ಮ ತಾಲೂಕುಗಳಲ್ಲಿ ಕಾರ್ಯಕ್ರಮದ ನಡುವೆ ಕರೆಂಟು ಹೋಗುವದು ಅಪರೂಪವಲ್ಲ. ಆಗ ಆ ಹೊತ್ತಿಗೆ ಕೈಯಿಂದ ಹೊಂದಿಸಿದ್ದೆಲ್ಲವೂ ಹೋಗುವದು; ಕಾದಿಟ್ಟದ್ದು ಉಳಿಯುವದು. ವಿದ್ಯುತ್ತು ಇಲ್ಲದಿದ್ದರೂ ಬರೆದದ್ದನ್ನು ಮರೆಯದ ಫ್ಲ್ಯಾಶ್ ಮೆಮೊರಿಯನ್ನು ಜಪಾನಿನ ಫುಜಿಯೊ ಮಸುಒಕ ಎಂಬವರು 1980ರ ದಶಕದಲ್ಲಿ ರೂಪಿಸಿದರು. ಇಂದಿನ ಪೆನ್ ಡ್ರೈವು, ಮೊಬೈಲುಗಳಲ್ಲಿರುವದೂ ಅದೇ ಬಗೆಯದು. ಕರೆಂಟು ಮರಳಿದಾಗ ಒಂದು ಅಂಕೆಯನ್ನು ಒತ್ತಿದರೆ ಹಾಡನ್ನು ನಿಲ್ಲಿಸಿದ ಕಡೆಯಿಂದಲೇ ಎತ್ತಿಕೊಳ್ಳಬಹುದು.

(ಈ) ಕೆಲವು ವಾದ್ಯಗಳಲ್ಲಿ ಗೊತ್ತಾದ ಕೀಲಿಯನ್ನು ಒತ್ತಿ ಹಿಡಿದು ಸ್ವಿಚ್ಚು ಹಾಕಿದರೆ ಎಲ್ಲವೂ ಅಳಿದು ವಾದ್ಯವು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ತಿರುಗುವದು. ಚಿಕ್ಕ ಮಕ್ಕಳ ಕೈಯಲ್ಲಿ ಸ್ವಿಚ್ಚು ಕೊಡಬಾರದು. ರಿಪೇರಿಗೆ ಕೊಡುವ ಮುಂಚೆ ನಕಲು ತೆಗೆದಿಟ್ಟುಕೊಳ್ಳತಕ್ಕದ್ದು.

8. ಎರಡನೆಯ ನಕಲು, ಮೂರನೆಯ ನಕಲು

ವಾದ್ಯದೊಳಗಿನ ಜ್ಞಾಪಕವೊಂದನ್ನೇ ನಂಬಿ ಕೂರಬಾರದು. ಯುಎಸ್‌ಬಿ ರಂಧ್ರವಿರುವ ವಾದ್ಯಗಳಿಂದ ರಿಜಿಸ್ಟ್ರೇಷನ್ನುಗಳನ್ನು ಪೆನ್ ಡ್ರೈವಿಗೆ ತೆಗೆದಿಡಬಹುದು. ಇದು ಎರಡನೆಯ ನಕಲು. ಆದರೆ ಒಂದು ಮಾದರಿಯ ಕಡತವು ಇನ್ನೊಂದು ಮಾದರಿಯಲ್ಲಿ ತೆರೆಯುವದೆಂಬ ಭರವಸೆಯಿಲ್ಲ. ಬೇರೆ ಸಂಸ್ಥೆಯ ವಾದ್ಯದಲ್ಲಂತೂ ಅದು ನಡೆಯದು. ವಾದ್ಯವು ಹಳೆಯದಾಗಿ ಹೊಸದನ್ನು ಕೊಂಡ ದಿನ ಆ ಕಡತವು ಓದಲಾಗದ ಲಿಪಿಯಂತಾಗುವದು.

ಆದಕಾರಣ ಮೂರನೆಯ ನಕಲು ನೋಟುಪುಸ್ತಕದಲ್ಲಿರಬೇಕು. ಪ್ರತಿಯೊಂದು ಹಾಡಿಗೆ ಒಂದು ಸಾಲು: ಹಾಡಿನ ಹೆಸರು, ಬ್ಯಾಂಕು, ಮೆಮೊರಿ, ಸ್ವರದ ಹೆಸರು, ಸ್ಟೈಲಿನ ಹೆಸರು, ಟೆಂಪೋ, ಟ್ರಾನ್ಸ್‌ಪೋಸು, ಯಾವ ಗುಂಪಿಗೆ, ಯಾರು ಎಂದು ಹೊಂದಿಸಿದರು. ಸ್ವರದ ಅಂಕೆಯನ್ನು ಮಾತ್ರ ಬರೆದರೆ ಸಾಲದು, ಹೆಸರನ್ನೂ ಬರೆಯಬೇಕು. ಅಂಕೆಗಳು ವಾದ್ಯದಿಂದ ವಾದ್ಯಕ್ಕೆ ಬದಲಾಗುವವು, ಕೊಳಲು ಕೊಳಲೇ. ಶ್ರುತಿಯನ್ನೂ ಟ್ರಾನ್ಸ್‌ಪೋಸಿನ ಅಂಕೆಯ ಜೊತೆಗೆ ಬಿಳಿ ನಾಲ್ಕು, ಕಪ್ಪು ಮೂರು ಎಂದು ಮಾತಿನಲ್ಲಿ ಬರೆದರೆ ಹಾರ್ಮೋನಿಯಂ ನುಡಿಸುವವರಿಗೂ ಆ ಪುಸ್ತಕವು ಉಪಯೋಗಕ್ಕೆ ಬರುವದು.

ಈ ಪುಸ್ತಕವನ್ನು ಹತ್ತನೆಯ ತರಗತಿಯವಳು ಬರೆದು ಒಂಬತ್ತನೆಯ ತರಗತಿಯವಳ ಕೈಗೆ ಕೊಡಬೇಕು. ಕೊಡುವ ಮೊದಲು ಇಬ್ಬರೂ ಒಂದು ತಿಂಗಳು ಕೂಡಿ ನುಡಿಸಬೇಕು. ವಿದ್ಯೆಯನ್ನು ತನ್ನಲ್ಲಿಯೇ ಅಡಗಿಸಿಟ್ಟು ತಾನಿಲ್ಲದೆ ಸಭೆ ನಡೆಯದೆಂದು ಹಿಗ್ಗುವದು ಸಣ್ಣತನ. ತಾನು ಹೋದ ಮೇಲೂ ಹಾಡು ನಿಲ್ಲದಂತೆ ಮಾಡಿ ಹೋಗುವದೇ ನಿಜವಾದ ವಾದನ. ನಮ್ಮ ಹೆಣ್ಣುಮಕ್ಕಳು ಮದುವೆಯಾಗಿ, ಕೆಲಸ ಹಿಡಿದು ಊರೂರಿಗೆ ಹೋಗುವವರು. ಅವರ ಕೈಯ ಹದವು ಅವರೊಡನೆಯೇ ಹೋಗಿಬಿಟ್ಟರೆ ಶಾಲೆಯು ಪ್ರತಿವರ್ಷವೂ ಬಡವಾಗುವದು. ಪುಸ್ತಕದಲ್ಲಿ ಉಳಿದರೆ ಪ್ರತಿವರ್ಷವೂ ಒಂದಷ್ಟು ಸಿರಿವಂತವಾಗುವದು.

9. ವಾದ್ಯದ ಮಿತಿ, ಪಾಲಕರಿಗೆ ಎರಡು ಮಾತು

ಕೀಬೋರ್ಡು ಎಲ್ಲವನ್ನೂ ಮಾಡಲಾರದು. ಅದರ ಸ್ವರಗಳು ಒಂದೊಂದೂ ಬೇರೆ ಬೇರೆ ನಿಂತ ಮೆಟ್ಟಲುಗಳು. ನಮ್ಮ ಸಂಗೀತದ ಗಮಕಗಳು ಮೆಟ್ಟಲುಗಳ ನಡುವಿನ ಇಳಿಜಾರುಗಳು. ಇದೇ ಕಾರಣದಿಂದ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತ್ತು; 1971ರಿಂದ ಆ ಕಟ್ಟುಪಾಡು ಸಡಿಲಾಯಿತು. ಕೀಬೋರ್ಡಿನಲ್ಲಿ ಸ್ವರವನ್ನು ಬಾಗಿಸುವ ಚಕ್ರವಿದ್ದರೂ ಕಂಠಕ್ಕೆ ಅದು ಸಮವಲ್ಲ. ಸ್ಟೈಲುಗಳೂ ಬಹುಮಟ್ಟಿಗೆ ನಾಲ್ಕು, ಮೂರು, ಆರು ಎಣಿಕೆಯವು. ಐದರ, ಏಳರ ಚಾಪು ತಾಳದ ಹಾಡುಗಳಿಗೆ ಅವುಗಳನ್ನು ಬಲವಂತವಾಗಿ ಹೊಂದಿಸಬಾರದು. ಸ್ಟೈಲನ್ನು ನಿಲ್ಲಿಸಿ ಕೈತಾಳದಿಂದಲೇ ಹಾಡಬೇಕು. ಸ್ಟೈಲು ಇಲ್ಲದ ಚೀಟಿಯೂ ಒಂದು ಚೀಟಿಯೇ.

ಮಗಳಿಗೆ ವಾದ್ಯ ಕೊಳ್ಳಬೇಕೆಂದಿರುವ ಪಾಲಕರು ಎಷ್ಟು ನೂರು ಸ್ವರಗಳುಂಟೆಂದು ಕೇಳುವದಕ್ಕಿಂತ ಮುಂಚೆ ಅಂಗಡಿಯಲ್ಲಿ ಈ ನಾಲ್ಕನ್ನು ಕೇಳಲಿ: ಜೋಡಣೆಗಳನ್ನು ಕಾದಿಡಬಹುದೋ, ಎಷ್ಟು? ಸ್ವಿಚ್ಚು ತೆಗೆದ ಮೇಲೂ ಉಳಿಯುವವೋ? ಪೆನ್ ಡ್ರೈವಿಗೆ ತೆಗೆಯಬಹುದೋ? ಬ್ಯಾಟರಿಯಿಂದಲೂ ನಡೆಯುವದೋ? ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಕಾದಿಡುವ ಬಟನೇ ಇಲ್ಲ. ಅಂಥದನ್ನು ಈಗಾಗಲೇ ಕೊಂಡವರು ವ್ಯಥೆಪಡಬೇಕಾಗಿಲ್ಲ. ನೋಟುಪುಸ್ತಕದ ಸಾಲನ್ನು ಓದಿ ಕೈಯಿಂದ ಹೊಂದಿಸುವದು ಎರಡು ನಿಮಿಷದ ಕೆಲಸ. ಕಿವಿಗೂ ಅದು ಒಳ್ಳೆಯ ಅಭ್ಯಾಸ.

ಅಭ್ಯಾಸ

1. ನಿಮ್ಮ ಮನೆಯವರೆಲ್ಲರೂ ಕೂಡಿ ಹಾಡುವ ಒಂದು ಹಾಡನ್ನು ಆರಿಸಿ, ಎಲ್ಲರಿಗೂ ಸಲೀಸಾದ ಶ್ರುತಿಯನ್ನು ಕಂಡುಹಿಡಿದು ಅಂಕೆಯಲ್ಲಿಯೂ ಮಾತಿನಲ್ಲಿಯೂ ಬರೆಯಿರಿ.

2. ಒಂದು ಹಾಡಿನ ಹೊಡೆತಗಳನ್ನು ಎಣಿಸಿ, ಗಡಿಯಾರ ಹಿಡಿದು ಕಾಲವನ್ನು ನೋಡಿ, ಟೆಂಪೋವನ್ನು ಲೆಕ್ಕ ಮಾಡಿರಿ. ಬಳಿಕ ಕೀಬೋರ್ಡಿನ ಮೆಟ್ರೊನೋಮಿನೊಡನೆ ತಾಳೆ ನೋಡಿರಿ.

3. ಎರಡು ಮೆಮೊರಿಗಳಲ್ಲಿ ಒಂದೇ ಹಾಡಿಗೆ ಬೇರೆ ಬೇರೆ ಸ್ವರಗಳನ್ನು ಕಾದಿಟ್ಟು, ಶ್ರುತಿಯೂ ವೇಗವೂ ಕದಲದಂತೆ ಒಂದರಿಂದ ಇನ್ನೊಂದಕ್ಕೆ ಹೋಗಿರಿ.

4. ಹಳೆಯ ವಿದ್ಯಾರ್ಥಿನಿಯರು ತಮ್ಮ ಕಾಲದಲ್ಲಿ ಹಾರ್ಮೋನಿಯಮ್ಮಿಗೆ ಹಾಡುತ್ತಿದ್ದ ಶಾಲೆಯ ಹಾಡುಗಳ ಧಾಟಿಯನ್ನೂ ಶ್ರುತಿಯನ್ನೂ ನೆನಪಿದ್ದಷ್ಟು ಬರೆದು ಶಾಲೆಗೆ ಕಳುಹಿಸಿರಿ. ಅವುಗಳಿಗೆ ಒಂದು ಬ್ಯಾಂಕನ್ನು ನಾವು ಬರಿದಾಗಿ ಬಿಟ್ಟಿದ್ದೇವೆ.